ಡಬ್ಬಿಯೊಳಗಿನ ಐದು

ಐದು ಅಂತ ಬರೆದರೆ ಐದು.
ಅದಕ್ಕೆ ಅಚ್ಚು ಬೇಡ, ಕುಲುಮೆ ಬೇಡ,
ಹುಟ್ಟಿದ ತಾರೀಖು ಕೂಡ ಇಲ್ಲ.
ಬೀದರಿನ ಚೌಬಾರದ ಹಿಂದೆ, ಜೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ,
ಹನ್ನೊಂದು ಕಂಪ್ಯೂಟರಿನ ನಮ್ಮ ಕ್ಲಾಸಿನಲ್ಲಿ
ಇಷ್ಟು ಹೇಳಿ ಮುಗಿಸಬಹುದಿತ್ತು.

ಪಾಠದಲ್ಲಿ ಇನ್ನೊಂದು ದಾರಿಯೂ ಇತ್ತು:
‘ನ್ಯೂ’ ಎಂದು ಕೂಗಿ, ‘ನಂಬರ್’ ಎಂದು ಹೆಸರು ಹಿಡಿದು,
ಕಂಸದೊಳಗೆ ಐದನ್ನಿಟ್ಟು
ಐದನ್ನೇ ಹೊಸದಾಗಿ ಮಾಡಿಸಿಕೊಳ್ಳುವುದು.

“ಇದ್ದದ್ದನ್ನ ಮತ್ತ ಯಾಕ ಮಾಡಸ್ಬೇಕ್ರಿ ಮೇಡಮ್?”
ಮೂರನೇ ಸಾಲಿನಿಂದ ತಹೂರಾ.
ಬಿದರಿ ಕೆಲಸದ ಮನೆಯ ಹುಡುಗಿ,
ಉಗುರಿನ ಸಂದಿಯಲ್ಲಿ ಕೋಟೆಮಣ್ಣಿನ ಕಪ್ಪು.

ನನ್ನಲ್ಲಿ ಉತ್ತರ ಇರಲಿಲ್ಲ. ಮಾಡಿ ತೋರಿಸಿದೆ,
ಎರಡು ಹೊಸ ಐದು, ಅಕ್ಕಪಕ್ಕ.
ಸಮವೇ ಎಂದು ಕೇಳಿದೆ.
ಪರದೆ ‘ಫಾಲ್ಸ್’ ಅಂದಿತು.

ಹಿಂದಿನ ಬೆಂಚಿನ ಕಾಶಪ್ಪ ನಕ್ಕ. ತಹೂರಾ ನಗಲಿಲ್ಲ.
“ಖರೇನೇ ಅದ” ಅಂದಳು.
“ಅಬ್ಬಾ ಒಂದೇ ಅಚ್ಚಿನಾಗ ಎರಡು ಪಾನ್‌ಡಬ್ಬಿ ಎರಕ ಹೊಯ್ತಾರ,
ಅದೇ ಸತು, ಅದೇ ತಾಮ್ರ, ಮುಚ್ಚಳದ ಮ್ಯಾಲ ಅದೇ ಬೆಳ್ಳಿ ಬಳ್ಳಿ.
ಗಿರಾಕಿ ಎರಡೂ ಒಂದೇ ಅಂತಾನ.
ಅಬ್ಬಾ ಕಣ್ಣ ಮುಚ್ಚಿ, ಹೆಬ್ಬೆಟ್ಟು ಆಡಿಸಿ,
ಇದು ಸೋಮವಾರದ್ದು, ಇದು ಜ್ವರ ಬಂದಾಗಿಂದು ಅಂತಾರ.”

ನಾನು ಬೋರ್ಡಿಗೆ ತಿರುಗಿದೆ. ಏನನ್ನಾದರೂ ಒರೆಸಬೇಕಿತ್ತು.

ಆಮೇಲೆ ಸುಳ್ಳಿನ ಪಾಠ.
ಬರಿಯ ಸುಳ್ಳು ‘ಇಫ್’ನ ಬಾಗಿಲಲ್ಲೇ ನಿಲ್ಲುತ್ತದೆ.
ಅದೇ ಸುಳ್ಳನ್ನು ಡಬ್ಬಿಯಲ್ಲಿಟ್ಟು ಕಳಿಸಿದರೆ
ಕಾವಲುಗಾರ ಡಬ್ಬಿ ನೋಡುತ್ತಾನೆ, ಮುಚ್ಚಳ ತೆಗೆಯುವುದಿಲ್ಲ,
ನಿಜವೇ ಬಂತೆಂದು
ಸಲಾಮು ಹೊಡೆದು ಒಳಗೆ ಬಿಡುತ್ತಾನೆ.
ಇದಕ್ಕೆ ಉದಾಹರಣೆ ಕೊಡಬೇಕಾಗಲಿಲ್ಲ.
ಈ ಸಲ ಇಡೀ ಕ್ಲಾಸು ನಕ್ಕಿತು.

ಮತ್ತೆ, ಕಂಸದಲ್ಲಿ ಏನೂ ಇಡದೆ ‘ನಂಬರ್’ ಅಂತ ಕರೆದರೆ?
ಬೈಯುವುದಿಲ್ಲ, ತಕರಾರಿಲ್ಲ,
ಸೊನ್ನೆ ಕೊಡುತ್ತದೆ.
“ನಮ್ಮ ಸೇಠನ ವಹಿನೂ ಹಂಗೇ ರಿ,” ತಹೂರಾ, ಮೆಲ್ಲಗೆ,
“ಅಬ್ಬಾನ ಹೆಸರಿನ ಮುಂದ ಬರೀತಾನ.
ಅಮ್ಮಿ ತಾರ ಕೂಡಿಸಿದ್ದಕ್ಕ ಖಾನಾ ಖಾಲಿ ಬಿಡ್ತಾನ.”

ಕರೆಂಟು ಹೋಯಿತು. ಫ್ಯಾನು ತನ್ನಷ್ಟಕ್ಕೆ ಸ್ವಲ್ಪ ಹೊತ್ತು ತಿರುಗಿತು.

ಎಲ್ಲರೂ ಇಳಿದುಹೋದ ಮೇಲೆ
ಕೀಬೋರ್ಡಿನ ಕೆಳಗೆ ಅವಳ ನೋಟ್‌ಬುಕ್ಕು ಸಿಕ್ಕಿತು.
ಕೊನೆಯ ಪುಟದಲ್ಲಿ ಮನೆಯ ಲೆಕ್ಕ:
ಅಮ್ಮಿ, ಡಬ್ಬಿ, ಐದು.
‘ನ್ಯೂ’ ಇಲ್ಲ, ಕಂಸ ಇಲ್ಲ.
ಪೆನ್ನು ಒತ್ತಿ ಬರೆದ ಐದು.
ಹಾಳೆ ತಿರುವಿದೆ,
ಬೆನ್ನಿನಲ್ಲೂ ಬೆರಳಿಗೆ ಸಿಗುತ್ತಿತ್ತು.