ಶೇಕಡಾ ಅರವತ್ತು

ಮೇಲೆ, ಕಣಿವೆ ಮುಗಿಯುವಲ್ಲಿನ ಠಾಣೆಯಲ್ಲಿ ಅಸಿಲ್ಕಾನ್
ಮೂರು ಗಂಟೆಗೊಮ್ಮೆ ಟಾರ್ಚು ಹಿಡಿದು ಹೊರಗೆ ಬರುತ್ತಾಳೆ.
ಬಿಳಿ ಪೆಟ್ಟಿಗೆಯ ಕದ ತೆರೆದು, ಉಸಿರು ಬಿಗಿಹಿಡಿದು
(ಉಸಿರು ತಾಕಿದರೂ ಸಾಕು, ಪಾದರಸ ಸುಳ್ಳಾಡುತ್ತದೆ)
ಅಂಕಿ ಓದಿಕೊಳ್ಳುತ್ತಾಳೆ.
ಆಮೇಲೆ ರೇಡಿಯೋದ ಕರಕರ ಸದ್ದಿನೊಳಗಿಂದ
ಕೆಳಗೆ ನರೀನ್ ಊರಿನ ಕಚೇರಿಯಲ್ಲಿರುವ ನನಗೆ:
"ಒತ್ತಡ ಹಾಗೇ ಇದೆ. ಗಾಳಿ ಪಡುವಣದ್ದು.
ನಾಯಿ ಮಲಗಿದೆ."
ನಾಯಿಗೆ ನಮ್ಮ ಪಟ್ಟಿಯಲ್ಲಿ ಕಾಲಂ ಇಲ್ಲ.
ಬರೆದುಕೊಳ್ಳುತ್ತೇನೆ ಆದರೂ, ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ.

ಬೇಸಿಗೆಗೆ ಒಂದು ಮಾತು, ಚಳಿಗಾಲಕ್ಕೊಂದು ಮಾತು ಸಾಕು;
ನಡುವಿನ ಈ ಆರು ವಾರಕ್ಕೆ ಯಾವ ಮಾತೂ ನಿಲ್ಲುವುದಿಲ್ಲ.
ಮಧ್ಯಾಹ್ನ ಕೋಟು ಬಿಚ್ಚಿಸುವ ಬಿಸಿಲು,
ಅದೇ ರಾತ್ರಿ ಬಕೆಟ್ಟಿನ ನೀರಿಗೆ ಗಾಜಿನ ಮುಚ್ಚಳ.
ಎತ್ತರ ಹೋದಷ್ಟೂ ಚಳಿಯೆಂದು ಶಾಲೆಯಲ್ಲಿ ಕಲಿತೆ.
ಇಲ್ಲಿ, ಮೋಡವಿಲ್ಲದ ರಾತ್ರಿ, ತಣ್ಣನೆಯ ಗಾಳಿ
ಇಳಿಜಾರಿನಲ್ಲಿ ನೀರಿನ ಹಾಗೆ ಜಾರಿ ಬಂದು
ಕಣಿವೆಯ ತಳದಲ್ಲಿ ಮಡುಗಟ್ಟುತ್ತದೆ.
ಮೇಲಿನ ಕುರಿಗಾಹಿಗೆ ಬೆಚ್ಚಗೆ, ಕೆಳಗಿನ ತರಕಾರಿಗೆ ಸಾವು.
ನನ್ನ ಪರದೆಯ ಮೇಲೆ ಇಬ್ಬರೂ ಒಂದೇ ಚೌಕದಲ್ಲಿದ್ದಾರೆ,
ಆ ಚೌಕದ ಬಣ್ಣ ತಿಳಿನೀಲಿ.

ಕೋಜುಬೆಕ್ ಫೋನು ಮಾಡುವುದು ಪ್ರತಿ ವರ್ಷ ಈ ದಿನಗಳಲ್ಲೇ,
ಸಿಗ್ನಲ್ ಸಿಗುವ ಒಂದೇ ಒಂದು ಬಂಡೆ ಹತ್ತಿ.
ಗಾಳಿ ಫೋನಿಗೆ ಬಡಿಯುವ ಸದ್ದಿನಲ್ಲೇ
ಅದರ ವೇಗ ಅಂದಾಜು ಮಾಡಿಬಿಡುತ್ತೇನೆ.
"ಮಗಳೇ, ನಾಳೆ ಇಳಿಯಲೋ, ಇನ್ನು ನಾಲ್ಕು ದಿನ ಇರಲೋ?"
ನಾಲ್ಕು ದಿನದ ಹುಲ್ಲೆಂದರೆ ಅವನಿಗೆ
ಜನವರಿಯಲ್ಲಿ ಕೊಳ್ಳಬೇಕಿಲ್ಲದ ಅಷ್ಟು ಹೊರೆ ಮೇವು.
"ಅಜ್ಜ, ಗುರುವಾರ ಹಿಮ ಬೀಳುವ ಸಾಧ್ಯತೆ ಶೇಕಡಾ ಅರವತ್ತು."
ಅತ್ತ ಕಡೆ ಗಾಳಿಯೊಂದೇ. ಆಮೇಲೆ:
"ನನ್ನ ಹತ್ತಿರ ಮುನ್ನೂರು ಕುರಿಯಿವೆ.
ನೂರಾ ಎಂಬತ್ತನ್ನು ಇಳಿಸಿ
ನೂರಾ ಇಪ್ಪತ್ತನ್ನು ಇಲ್ಲೇ ಬಿಡಲೇನು?"
ನಾನು ನಕ್ಕೆ. ಅವನು ನಗಲಿಲ್ಲ.

ಒಂದು ವರ್ಷ ಇಳಿಯಿರಿ ಎಂದಿದ್ದೆ. ಹತ್ತು ದಿನ ಚಿನ್ನದಂಥ ಬಿಸಿಲು.
ಸಂತೆಯಲ್ಲಿ ಅವನ ಹೆಂಡತಿ ನನ್ನನ್ನು ಕಂಡು
ತಲೆಯೆತ್ತಿ ಆಕಾಶ ನೋಡಿದಳು, ಅಷ್ಟೇ.
ಮರುವರ್ಷ ಹುಷಾರಾದೆ: ನೀವೇ ತೂಗಿ ನೋಡಿ, ಎಂದೆ.
ನಲವತ್ತು ಕುರಿ ಹಿಮದಡಿ ಹೋದವು.
ಅದಕ್ಕವನು ಏನೂ ಅನ್ನಲಿಲ್ಲ. ಅನ್ನಬಹುದಿತ್ತು.

"ನನ್ನ ಮೊಣಕಾಲು ಏನೆನ್ನುತ್ತದೆ, ನನಗೆ ಗೊತ್ತು," ಎಂದ.
"ಅದೂ ನಿನ್ನಷ್ಟೇ, ಅರ್ಧ ಸಲ ಸರಿ.
ಒಬ್ಬನೇ ತಪ್ಪುವ ವಯಸ್ಸು ದಾಟಿತು ಮಗಳೇ.
ಒಂದು ಮಾತು ಹೇಳು.
ತಪ್ಪಿದರೆ ಇಬ್ಬರೂ ತಪ್ಪೋಣ."

ಸಲಹೆ ಕೊಡುವುದು ನಮ್ಮ ಕೆಲಸವಲ್ಲ, ಗೋಡೆಯ ಮೇಲೆ ಬರೆದಿದೆ.
ಹಿಡಿದಿರಿ ಎಂದು ರೇಡಿಯೋ ಒತ್ತಿದೆ.
ಅಸಿಲ್ಕಾನ್ ಎಂದಳು: "ಒತ್ತಡ ಎರಡು ಇಳಿಯಿತು.
ಪಡುವಣ ಶಿಖರ ಟೋಪಿ ಹಾಕಿದೆ."
"ನಾಯಿ?"
"ಎದ್ದು ಕೂತಿದೆ. ಯಾಕೋ ಗೊತ್ತಿಲ್ಲ."
"ಅಜ್ಜ," ಎಂದೆ, "ಇಳಿಯಿರಿ."

ಬುಧವಾರ ರಾತ್ರಿ ಊರ ಬೀದಿ ತುಂಬ ಉಣ್ಣೆಯ ವಾಸನೆ, ಧೂಳು.
ಬಾಗಿಲಲ್ಲಿ ನಿಂತು ಎಣಿಸಿದೆ, ಇನ್ನೂರು ದಾಟಿ ತಪ್ಪಿತು.
ಕೋಜುಬೆಕ್ ಕುದುರೆಯ ಮೇಲಿಂದ ಚಾಟಿಯೆತ್ತಿ
ಮೇಲೆ ತೋರಿಸಿದ, ಮಾತಿಲ್ಲದೆ.
ನಕ್ಷತ್ರಗಳು. ದರಿದ್ರ ನಕ್ಷತ್ರಗಳು, ಒಂದೂ ಬಿಡದೆ.
ಎಲೆಯೊಂದು ಅಲುಗುತ್ತಿಲ್ಲ.

ಮೋಡವಿಲ್ಲ. ಗಾಳಿಯಿಲ್ಲ.
ತಟ್ಟನೆ ಹೊಳೆಯಿತು: ಪಕ್ಕದ ಮನೆಯ ಜಿಪಾರ್
ಇವತ್ತಷ್ಟೇ ಅಗೆದ ಆಲೂಗಡ್ಡೆ, ಅಂಗಳದಲ್ಲಿ, ಬಯಲಿಗೆ!
ಓಡಿಹೋಗಿ ಬಾಗಿಲು ಬಡಿದೆ.
ನಿದ್ದೆಗಣ್ಣಿನಲ್ಲಿ ಬಂದವಳು ಎಷ್ಟು ಶೇಕಡಾ ಎಂದು ಕೇಳಲಿಲ್ಲ,
ಗೋಣಿಚೀಲದ ಒಂದು ತುದಿ ನನ್ನ ಕೈಗೆ ಕೊಟ್ಟಳು.