ಪಿಳ್ಳಪ್ಪನ ಗಂಟಲು

ಹತ್ತೊಂಬತ್ತು ವರ್ಷ ಅವನು ಕೂಗಿದ್ದಾನೆ, ನಾನು ಬರೆದಿದ್ದೇನೆ.
ಕೋಲಾರದ ಟೊಮ್ಯಾಟೊ ಮಂಡಿಯಲ್ಲಿ ಅವನ ಮುಖ ನೋಡುವವರಿಲ್ಲ,
ಎಲ್ಲರ ಕಣ್ಣೂ ಬಾಕ್ಸಿನ ಮೇಲೆ.
ಗಂಟಲು ನೋಡುವವನು ನಾನೊಬ್ಬ:
ಗದ್ದಲದಲ್ಲಿ ಕಿವಿ ತಪ್ಪಿದ ಅಂಕಿ
ಅಲ್ಲಿ ಕಾಣುತ್ತದೆ.

ಹಾಗಾಗಿ ಮೊದಲು ಕಂಡದ್ದೂ ನನಗೇ.
ಮುನ್ನೂರ ನಲವತ್ತು, ಮುನ್ನೂರ ಐವತ್ತು,
ಬೆಲೆ ಏರಿದಾಗ ಎಡಗಡೆ ಏನೋ ಒಂದು ಜೊತೆಗೇ ಏರಿತು,
ಉಗುಳು ನುಂಗಿದಾಗ ಇಳಿಯಿತು.
ನೋವಿಲ್ಲ ಬಾಷಾ, ಬರ್ಕೋ ನೀನು, ಅಂದ.
ಬರೆದುಕೊಂಡೆ. ಎಂಟು ತಿಂಗಳು ಬರೆದುಕೊಂಡೇ ಇದ್ದೆ.

ಟಮಕದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನ ಹಿಂದೆ ನಿಂತು
ಕತ್ತಿನ ಮೇಲೆ ಬೆರಳಿಟ್ಟರು,
ಹಣ್ಣು ಹಿಸುಕದೆ ಹಿಸುಕುವ ವ್ಯಾಪಾರಿಯ ಹಾಗೆ.
ನೀರು ಬಾಯಲ್ಲಿಟ್ಕೊಳ್ಳಿ. ಈಗ ನುಂಗಿ.
ರಕ್ತ ಪರೀಕ್ಷೆ ಸರಿಯಾಗೇ ಇತ್ತು.
ಸ್ಕ್ಯಾನಿನ ಪರದೆಯಲ್ಲಿ ಕಪ್ಪಗೆ, ಅಗಲಕ್ಕಿಂತ ಎತ್ತರ,
ಒಳಗೆ ರವೆ ಚೆಲ್ಲಿದಂತೆ ಬಿಳಿ ಚುಕ್ಕಿ.
ತುಂಬಾ ಜನಕ್ಕೆ ಗಂಟಿರುತ್ತೆ, ಬಹಳಷ್ಟು ಸುಮ್ಮನಿರುತ್ತೆ,
ಇದು ನನಗೆ ಹಿಡಿಸಲಿಲ್ಲ, ಅಂದರು.
ಸೂಜಿ ಸಣ್ಣದು. ಎರಡು ಸಲ ಚುಚ್ಚಿದರು.

ಫಲಿತಾಂಶಕ್ಕೆ ಆರು ದಿನ. ಆರು ದಿನವೂ ಕೂಗಿದ.
ಆ ವಾರ ರೇಟು ಬಿದ್ದಿತ್ತು,
ಯಾರಿಗೂ ಅವನ ದನಿ ಇಷ್ಟವಾಗಲಿಲ್ಲ.

ಕ್ಯಾನ್ಸರ್. ಆದರೆ ಒಳ್ಳೆ ಜಾತಿಯದು, ನಿಧಾನದ್ದು.
ಪಿಳ್ಳಪ್ಪ ನನ್ನ ಕಡೆ ತಿರುಗಿದ:
ಫಸ್ಟ್ ಕ್ವಾಲಿಟಿ ಅಂತೆ ಕಣೋ.
ನಾನೊಬ್ಬನೇ ನಕ್ಕೆ. ನಗಬಾರದಿತ್ತು.

ಅವನು ಕೇಳಿದ್ದು ಒಂದೇ. ದನಿ?
ಗ್ರಂಥಿಯ ಬೆನ್ನಿಗೆ ಅಂಟಿಕೊಂಡು ಒಂದು ನರ ಹೋಗುತ್ತೆ,
ಶ್ಯಾವಿಗೆ ಎಳೆಯಷ್ಟು. ಹುಡುಕಿ, ಕಣ್ಣಾರೆ ಕಂಡು,
ಬಿಡಿಸಿಕೊಂಡು ಬರ್ತೀವಿ.
ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ಹೋಗಿಬಿಡಬಹುದು.
ನೂರು ಬಾಕ್ಸಿಗೆ ಎರಡು ಕೊಳೆತರೆ
ಕಣ್ಣು ಮುಚ್ಚಿ ಲೋಡು ಎತ್ತಬಹುದು ಮೇಡಂ, ಅಂದ.
ಮೆಟ್ಟಿಲಿಳಿಯುವಾಗ, ಮೆಲ್ಲಗೆ:
ಆ ಎರಡು ಬಾಕ್ಸೂ ಯಾರದೋ ಒಬ್ಬರದು ತಾನೆ, ಬಾಷಾ.

ಆಪರೇಷನ್ನಿನ ಮರುದಿನ ಬೆರಳ ತುದಿ ಜುಮ್ಮೆಂದವು,
ಕ್ಯಾಲ್ಸಿಯಂ ಹಾಕಿದರು.
ಏನಾದರೂ ಮಾತಾಡಿ ನೋಡೋಣ, ಅಂದರು.
ತನ್ನ ಹೆಸರು ಬರುತ್ತದೆ ಅಂದುಕೊಂಡಿರಬೇಕು,
ಅಕ್ಕಯ್ಯಮ್ಮ ಮಂಚಕ್ಕೆ ಬಾಗಿದಳು.
ಇನ್ನೂರ ಹತ್ತು, ಅಂದ.
ದನಿಯಲ್ಲ ಅದು,
ಸಿಮೆಂಟಿನ ಮೇಲೆ ಖಾಲಿ ಬಾಕ್ಸ್ ಎಳೆದ ಸದ್ದು.

ಈಗ ಐದು ತಿಂಗಳು. ಮುಕ್ಕಾಲು ಬಂದಿದೆ.
ದೊಡ್ಡ ಲೋಡುಗಳನ್ನು ಹೊಸ ಹುಡುಗ ಕೂಗುತ್ತಾನೆ,
ತಪ್ಪು ಕೂಗುತ್ತಾನೆ.
ಸಾಲಿನ ಕೊನೆಯ ಬಾಕ್ಸುಗಳು ಪಿಳ್ಳಪ್ಪನವು,
ಕೇಳಬೇಕಾದರೆ ಎರಡು ಹೆಜ್ಜೆ ಹತ್ತಿರ ಬರಬೇಕು.
ಬರುತ್ತಾರೆ, ಕೆಲವರು.

ನಾನು ಕ್ಷೌರದ ಕನ್ನಡಿಯೆದುರು
ಒಂದು ಗುಟುಕು ನೀರು ಬಾಯಲ್ಲಿಟ್ಟು, ಕತ್ತೆತ್ತಿ, ನುಂಗುತ್ತೇನೆ.
ಏನೂ ಇಲ್ಲ. ಇನ್ನೊಂದು ಸಲ ನುಂಗುತ್ತೇನೆ.

ಬೆಳಿಗ್ಗೆ ಖಾಲಿ ಹೊಟ್ಟೆಗೆ ಅವನ ಮಾತ್ರೆ, ಇರೋವರೆಗೂ.
ಅದಾದ ಮೇಲೆ ಅರ್ಧ ಗಂಟೆ ಟೀ ಇಲ್ಲ.
ನಾನೂ ಲೋಟ ಮುಟ್ಟುವುದಿಲ್ಲ.
ಟೀ ಹುಡುಗನಿಗೆ ಗೊತ್ತು, ಕೆಟಲ್ ಹಿಡಿದು
ನಮ್ಮನ್ನು ದಾಟಿ ಆಚೆ ಸಾಲಿಗೆ ಹೋಗುತ್ತಾನೆ,
ಆಮೇಲೆ ಬರುತ್ತಾನೆ.