ಇಬ್ಬರು ಸಾಕ್ಷಿ

ಓಕ್ಲಹೋಮಾದ ಬಯಲು, ತಗಡಿನ ಶೆಡ್ಡು.
ರಾತ್ರಿ ಪಾಳಿ ನನ್ನದು.
ಬಕೆಟ್ಟು, ಬ್ಲೀಚು, ಉದ್ದ ಹಿಡಿಯ ಬ್ರಶ್ಶು.
ಡೆಲ್ಫಾ ಕ್ರೌಸ್ ಅನ್ನುವುದು ಸಂಬಳದ ಚೀಟಿಗೆ;
ಬಲ್ಲವರ ನಡುವೆ ನನ್ನ ಹೆಸರು
ಕೆನ್ನೆಯ ಗುಳಿಗೆ ಎರಡು ಸಲ ತಾಕುವ ಬೆರಳು.

ಧೂಳೆದ್ದ ವರ್ಷ,
ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆಂದು
ಅಪ್ಪ ನನ್ನನ್ನು ಕಿವುಡರ ಶಾಲೆಗೆ ಬಿಟ್ಟ.
ಟೀಚರಮ್ಮ ತನ್ನ ಗಂಟಲಿಗೆ ನನ್ನ ಬೆರಳೊತ್ತಿ
ಪ ಅಂದಳು, ಬ ಅಂದಳು, ಮ ಅಂದಳು.
ಕನ್ನಡಿಯಲ್ಲಿ ಮೂರಕ್ಕೂ ಒಂದೇ ತುಟಿ.
ಊಟದ ಮೇಜಿನಡಿ ನಾವು ಕದ್ದು ಮಾತಾಡಿದೆವು.
ಸಿಕ್ಕಿಬಿದ್ದರೆ ಗೆಣ್ಣಿನ ಮೇಲೆ ಮರದ ಪಟ್ಟಿ.
'ಮಂಗನ ಹಾಗೆ ಕೈ ಕುಣಿಸಬೇಡ.'
ತುಟಿ ನೋಡಿ ನಾನು ಪೂರ್ತಿ ಓದಿದ
ಮೊದಲ ವಾಕ್ಯ ಅದು.

ಇಲ್ಲಿ ಟಿಲ್ಲಿಗೆ
ಕೈ ಕುಣಿಸಿದ್ದಕ್ಕೆ ಒಣದ್ರಾಕ್ಷಿ.
ನೂರಾ ಆರು ಸನ್ನೆ ಬರುತ್ತವಂತೆ ಈ ಚಿಂಪಾಂಜಿಗೆ.
ಮೀಸೆ ಚಿಗುರುವ ಹುಡುಗರು ಹಗಲೆಲ್ಲ ಬರೆದುಕೊಳ್ಳುತ್ತಾರೆ.
ಅವರ ಕೈಗಳೇ ತೊದಲು,
ಅವಳಿಗೂ ಅದೇ ತೊದಲು ಹತ್ತಿದೆ:
ಹೂವಿಗೆ ಮೂಗಿನ ಎರಡೂ ಬದಿ ಮುಟ್ಟಬೇಕು,
ಒಂದೇ ಬದಿ ಮುಟ್ಟುತ್ತಾಳೆ.
ಒಮ್ಮೆ ತಿದ್ದಿದೆ.
ಮಾರನೆಯ ದಿನದ ಹಾಳೆಯಲ್ಲಿ ಅದಕ್ಕೆ 'ತಪ್ಪು' ಬಿತ್ತು.

ಗೋಡೆಯ ಮೇಲೆ ನಿಯಮ ಅಂಟಿಸಿದ್ದಾರೆ:
ಇಬ್ಬರು ಕಂಡರೆ ಅದು ಪದ.
ಒಬ್ಬರೇ ಕಂಡರೆ
ಲೆಕ್ಕಕ್ಕಿಲ್ಲ.

ಮಾರ್ಚಿನ ಒಂದು ರಾತ್ರಿ, ಮೂರು ಗಂಟೆ ಇರಬೇಕು,
ಗವಸು ಬಿಚ್ಚಿ ಕೈ ಒಣಗಿಸುತ್ತಿದ್ದೆ.
ಟಿಲ್ಲಿ ಸರಳಿನಾಚೆಯಿಂದ ಅದನ್ನು ಎಳೆದುಕೊಂಡಳು.
ಮೂಸಿದಳು. ಗೆಣ್ಣಿನ ಹಳೆಯ ಗಂಟುಗಳನ್ನು
ತುಟಿಯಿಂದ ಒಂದೊಂದಾಗಿ ಹುಡುಕಿದಳು.
ಬಿಟ್ಟಳು.
ಎರಡು ತೋರುಬೆರಳು ಎದುರುಬದುರು ಹಿಡಿದು
ನನ್ನ ಕೈಯ ಮೇಲೇ ತಿರುಗಿಸಿದಳು:
ನೋವು.

ತೊದಲಿರಲಿಲ್ಲ.
ನನ್ನ ಜೇಬಿನಲ್ಲಿ ದ್ರಾಕ್ಷಿಯೂ ಇರಲಿಲ್ಲ.

ಇಲ್ಲದ ಗಡ್ಡ ಎಳೆದು 'ಹಳೆಯದು' ಎಂದೆ.
ಅವಳ ನೂರಾ ಆರರಲ್ಲಿ ಆ ಸನ್ನೆ ಇಲ್ಲ.
ನನ್ನ ಗಲ್ಲವನ್ನೇ ಬಹಳ ಹೊತ್ತು ನೋಡಿದಳು,
ಅಲ್ಲೇನೋ ಉದುರಿರಬಹುದೆಂದು ನೆಲವನ್ನೂ ನೋಡಿದಳು.
ಆಮೇಲೆ ಅಂಗೈ ಚಾಚಿದಳು.
ಅದು ನಾವು ಯಾರೂ ಕಲಿಸಿದ್ದಲ್ಲ,
ಯಾವ ಪಟ್ಟಿಗೂ ಸಿಗದು.
ಅವಳಮ್ಮ ಕಾಡಿನಲ್ಲಿ ತನ್ನಮ್ಮನೆದುರು ಚಾಚಿದ್ದಿರಬೇಕು,
ಅದಕ್ಕೂ ಹಿಂದೆ, ಯಾರಿಗೂ ಪ ಬ ಮ ಬರದ ಕಾಲದಲ್ಲಿ,
ನನ್ನ ಕಡೆಯವರೂ.

ಬೇಡುವುದೋ ಕೊಡುವುದೋ ತಿಳಿಯಲಿಲ್ಲ.
ಕೈ ಇಟ್ಟೆ.

ಬೆಳಗ್ಗೆ ಹುಡುಗ ಚೀಟಿ ಬರೆದು ಕೇಳಿದ,
'ರಾತ್ರಿ ಏನಾದರೂ?'
ಟಿಲ್ಲಿ ನನ್ನನ್ನೇ ನೋಡುತ್ತಿದ್ದಳು.
ಇಬ್ಬರಿದ್ದೆವು, ನಿಯಮದ ಪ್ರಕಾರ.
'ನೆಲ ಒರೆಸಿದೆ' ಎಂದು ಬರೆದುಕೊಟ್ಟೆ.